ಸ್ಪ್ಲೆಂಡರ್‌ಗೂ ಬುಲೆಟ್‌ಗೂ ಒಂದೇ ಡಬ್ಬ ಆಗದು: ಮೈಸೂರು–ಮಂಡ್ಯ ಓಡಾಟಕ್ಕೆ ಯಾವ ಎಂಜಿನ್ ಆಯಿಲ್?

“ಬೈಕಿಗೆ ಒಂದು ಲೀಟರ್ ಆಯಿಲ್ ಕೊಡಿ ಅಣ್ಣ” ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಎಷ್ಟೋ ಕಡೆ ಕೈಗೆ ಬರುವುದು 20ಡಬ್ಲ್ಯೂ-40 ಡಬ್ಬ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಒಂದು ಕಾಲಕ್ಕೆ ನಮ್ಮ ಕಡೆಯ ಮುಕ್ಕಾಲು ಪಾಲು ಗಾಡಿಗೆ ಅದೇ ನಡೆಯುತ್ತಿತ್ತು, ಆ ರೂಢಿ ಇನ್ನೂ ಬಿಟ್ಟಿಲ್ಲ. ಆದರೆ ಇವತ್ತು ಅದೇ ಅಂಗಡಿ ಮುಂದೆ ನಿಲ್ಲುವ ಸ್ಪ್ಲೆಂಡರ್ ಕೇಳುವುದು 10ಡಬ್ಲ್ಯೂ-30, ಪಲ್ಸರ್ 150 ಕೇಳುವುದು 20ಡಬ್ಲ್ಯೂ-50, ಕ್ಲಾಸಿಕ್ 350 ಕೇಳುವುದು 15ಡಬ್ಲ್ಯೂ-50, ಪಕ್ಕದಲ್ಲಿರುವ ಆಕ್ಟಿವಾ ಕೇಳುವುದು ಇನ್ನೊಂದೇ ಜಾತಿಯ 10ಡಬ್ಲ್ಯೂ-30. ಹಾಗಾಗಿ ಕಂಪನಿ ಹೆಸರಿಗೆ ಅಂಕ ಕೊಡುವ ಮೊದಲು ಡಬ್ಬದ ಹಿಂದಿನ ಬರಹಕ್ಕೆ ಅಂಕ ಕೊಡಬೇಕು. ಆಯಿಲಿನ ದಪ್ಪ ಹೇಳುವ ಈ ಅಂಕಿಗಳೇ ಗ್ರೇಡು. ಸರಿಯಾದ ಗ್ರೇಡಿನ ಸಾಧಾರಣ ಮಿನರಲ್ ಆಯಿಲ್ (ಕಚ್ಚಾ ತೈಲ ಸೋಸಿ ಮಾಡಿದ್ದು), ತಪ್ಪು ಗ್ರೇಡಿನ ದುಬಾರಿ ಸಿಂಥೆಟಿಕ್‌ಗಿಂತ (ರಾಸಾಯನಿಕವಾಗಿ ತಯಾರಿಸಿದ್ದು) ಎಂಜಿನ್‌ಗೆ ಒಳ್ಳೆಯದು. ಈ ವಿಮರ್ಶೆಯ ತೀರ್ಪೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಅಂಕಿಗಳ ಅರ್ಥ. 10ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದರೆ ಚಳಿಗಾಲ. 10ಡಬ್ಲ್ಯೂ ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ, 15ಡಬ್ಲ್ಯೂ ಆಯಿಲನ್ನು ಮೈನಸ್ 20ರಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ ಎಂಜಿನ್ ತಿರುಗಿಸಲು ಬಿಡುವಷ್ಟು ತೆಳುವಾಗಿದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ಮೈಸೂರಿನಲ್ಲಿ ಧನುರ್ಮಾಸದ ಬೆಳಗಿನ ಚಳಿಗೂ ಈ ಅಂಕಿಗಳಿಗೂ ಸಂಬಂಧವೇ ಇಲ್ಲ, ಹಾಗಾದರೆ 10 ಆದರೇನು 20 ಆದರೇನು ಅನ್ನಿಸಬಹುದು. ವ್ಯತ್ಯಾಸ ಇದೆ. 40 ಡಿಗ್ರಿಯಲ್ಲಿ ಅಳೆದರೂ 20ಡಬ್ಲ್ಯೂ-50 ಆಯಿಲ್ 10ಡಬ್ಲ್ಯೂ-30ಕ್ಕಿಂತ ಹೆಚ್ಚೂಕಮ್ಮಿ ಎರಡು ಪಟ್ಟು ದಪ್ಪ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ಎಂಜಿನ್ ತಳದ ಸಂಪ್‌ನಿಂದ ವಾಲ್ವ್ ತೆರೆಯುವ ಮೇಲಿನ ಕ್ಯಾಮ್‌ವರೆಗೆ ಹತ್ತಬೇಕು. ದಪ್ಪ ಆಯಿಲ್ ತಡವಾಗಿ ಹತ್ತುತ್ತದೆ. ಸಣ್ಣ ಪಂಪು, ಸಣ್ಣ ರಂಧ್ರಗಳಿರುವ 100 ಸಿಸಿ ಎಂಜಿನ್‌ನಲ್ಲಿ ಆ ತಡವೇ ಸವೆತ.

ಎರಡನೆಯ ಅಂಕಿ ಎಂಜಿನ್ ಬಿಸಿಯಾದ ಮೇಲಿನ ಲೆಕ್ಕ. 100 ಡಿಗ್ರಿಯಲ್ಲಿ 30 ಗ್ರೇಡಿನ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ಸ್ (ಆಯಿಲಿನ ದಪ್ಪ ಅಳೆಯುವ ಮಾನ) ಒಳಗಿರಬೇಕು, 40 ಗ್ರೇಡ್ 12.5ರಿಂದ 16.3, 50 ಗ್ರೇಡ್ 16.3ರಿಂದ 21.9. ಏಪ್ರಿಲ್ ಬಿಸಿಲಲ್ಲಿ ಹಿಂದೊಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ, ಗಾಳಿಯಿಂದಲೇ ತಣ್ಣಗಾಗಬೇಕಾದ ದೊಡ್ಡ ಸಿಲಿಂಡರಿನ ಬುಲೆಟ್‌ಗೆ ಈ 50 ಬೇಕು. ಅದೇ ಬೆಟ್ಟ ಹತ್ತುವ ಸ್ಪ್ಲೆಂಡರ್‌ಗೆ 30 ಸಾಕು, ಯಾಕೆಂದರೆ ಅದರ ಬೇರಿಂಗು, ಪಿಸ್ಟನ್ ಸಂದುಗಳನ್ನು ಆ ದಪ್ಪಕ್ಕೇ ಲೆಕ್ಕ ಹಾಕಿ ಮಾಡಿದ್ದಾರೆ. “ನಮ್ಮ ಕಡೆ ಸೆಕೆ ಜಾಸ್ತಿ, ಗಟ್ಟಿ ಆಯಿಲ್ ಹಾಕ್ಸಿ” ಅನ್ನುವ ಸಲಹೆ ತುಂಬ ಕೇಳುತ್ತದೆ. ಕಂಪನಿಯವರು ಈ ಗಾಡಿಗಳನ್ನು ನಮ್ಮ ದೇಶದ ಬಿಸಿಲಿಗೇ ಮಾಡಿರುವಾಗ ಆ ಸಲಹೆಗೆ ಬುಡವಿಲ್ಲ. ರಿಂಗ್ ಸವೆದು ಆಯಿಲ್ ತಿನ್ನುತ್ತಿರುವ, ಬೋರ್ ಮಾಡಿಸಲು ಇನ್ನೂ ದುಡ್ಡು ಕೂಡಿಬರದ ಹಳೆಯ ಎಂಜಿನ್ ಒಂದೇ ಇದಕ್ಕೆ ಹೊರತು. ಅಂಥದಕ್ಕೆ ಒಂದು ಮೆಟ್ಟಿಲು ದಪ್ಪ ಹಾಕಿದರೆ ಹೊಗೆ ಸ್ವಲ್ಪ ತಗ್ಗುತ್ತದೆ. ರಿಪೇರಿ ಮಾತ್ರ ಆಗುವುದಿಲ್ಲ.

ಗ್ರೇಡಿಗಿಂತಲೂ ಜನ ಎಡವುವುದು ಆಯಿಲ್ ಬೈಕಿನ ಕ್ಲಚ್‌ಗೆ ಒಗ್ಗುತ್ತದೆಯೇ ಅಂತ ಹೇಳುವ ಜಾಸೋ ಗುರುತಿನಲ್ಲಿ. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್ ಒಳಗೇ ಮುಳುಗಿ ಕೆಲಸ ಮಾಡುತ್ತವೆ, ಗೇರುಗಳೂ ಅದೇ ಆಯಿಲಲ್ಲಿ ತಿರುಗುತ್ತವೆ. ಕಾರಿನಲ್ಲಿ ಹಾಗಲ್ಲ. ಮೈಲೇಜ್ ಬರಲಿ ಅಂತ ಈಗಿನ ಅನೇಕ ಕಾರಿನ ಆಯಿಲ್‌ಗೆ, ಅದರಲ್ಲೂ 30 ಮತ್ತು ಅದಕ್ಕಿಂತ ತೆಳು ಗ್ರೇಡಿನವಕ್ಕೆ, ಘರ್ಷಣೆ ತಗ್ಗಿಸುವ ರಾಸಾಯನಿಕ ಸೇರಿಸಿರುತ್ತಾರೆ. ಅದನ್ನು ಬೈಕಿಗೆ ಸುರಿದರೆ ಕ್ಲಚ್ ಪ್ಲೇಟು ಜಾರುತ್ತದೆ. ಟಾಪ್ ಗೇರಲ್ಲಿ ಆಕ್ಸಿಲರೇಟರ್ ತಿರುವಿದಾಗ ಎಂಜಿನ್ ಶಬ್ದ ಏರುತ್ತದೆ, ಗಾಡಿ ವೇಗ ಏರುವುದಿಲ್ಲ. ಮನೆಯಲ್ಲಿ ಕಾರಿನ ಸರ್ವಿಸ್ ಆದ ಮೇಲೆ ಮಿಕ್ಕ ಒಂದು ಲೀಟರನ್ನು ಬೈಕಿಗೆ ಹಾಕಿಬಿಡುವುದು ಈ ತೊಂದರೆಯ ಮೂಲ. ಒಮ್ಮೆ ಜಾರಲು ಶುರುವಾದರೆ ಆಯಿಲ್ ಬದಲಿಸಿದ ಮಾತ್ರಕ್ಕೆ ಸರಿಹೋಗುತ್ತದೆ ಅನ್ನುವ ಖಾತ್ರಿಯಿಲ್ಲ. ಜಾರಿ ಸುಟ್ಟ ಪ್ಲೇಟಿನ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.

ಈ ಕಾರಣಕ್ಕೇ ಜಪಾನಿನವರು ಜಾಸೋ ಅನ್ನುವ ಪ್ರಮಾಣ ತಂದರು. ಎಂಎ ಅಂದರೆ ಆಯಿಲಲ್ಲಿ ಮುಳುಗುವ ಕ್ಲಚ್‌ಗೆ ಸರಿ, ಎಂಎ2 ಅಂದರೆ ಅದರಲ್ಲೇ ಹಿಡಿತ ಹೆಚ್ಚಿರುವ ಗುಂಪು, ಎಂಬಿ ಅಂದರೆ ಘರ್ಷಣೆ ಕಡಿಮೆ ಇರುವುದು, ಒಣ ಕ್ಲಚ್ಚಿನ ಸ್ಕೂಟರಿಗೆ. ಡಬ್ಬದ ಹಿಂದೆ ಚೌಕದೊಳಗೆ ಒಂದು ಸಂಕೇತ ಸಂಖ್ಯೆ, ಅದರ ಕೆಳಗೆ ಎಂಎ ಅಥವಾ ಎಂಎ2 ಅಂತ ಇದ್ದರೆ ನೆಮ್ಮದಿ. ಆಯಿಲಿನ ಗುಣಮಟ್ಟ ಹೇಳುವ ಎಪಿಐ ಗುರುತು ಇದಾದ ಮೇಲಿನದು: ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಅಂತ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಮ್ಯಾನುಯಲ್ ಎಸ್‌ಎಲ್ ಅಂದಿದ್ದರೆ ಎಸ್‌ಎನ್ ಹಾಕಬಹುದು, ಎಸ್‌ಎನ್ ಅಂದಿದ್ದರೆ ಎಸ್‌ಎಲ್‌ಗೆ ಇಳಿಯಬಾರದು.

ಈಗ ಡಬ್ಬಗಳ ವಿಷಯ.

ಸ್ಪ್ಲೆಂಡರ್, ಪ್ಯಾಷನ್, ಶೈನ್ ಥರದ ದಿನಬಳಕೆಯ ಗಾಡಿಗೆ ನಮ್ಮ ಮೊದಲ ಆಯ್ಕೆ ಆಯಾ ಕಂಪನಿಯದೇ 10ಡಬ್ಲ್ಯೂ-30. ಹೀರೋದ 4ಟಿ ಪ್ಲಸ್ 900 ಎಂಎಲ್ ಡಬ್ಬದಲ್ಲಿ ಸಿಗುತ್ತದೆ, ಆ ಅಳತೆಯೇ ಅದರ ದೊಡ್ಡ ಗುಣ. ಅದಿಲ್ಲದಿದ್ದರೆ ಕ್ಯಾಸ್ಟ್ರಾಲ್ ಆಕ್ಟಿವ್ 10ಡಬ್ಲ್ಯೂ-30 ಅಥವಾ ಶೆಲ್ ಅಡ್ವಾನ್ಸ್ ಎಎಕ್ಸ್5 ಆದೀತು. ಒಂದು ಎಚ್ಚರಿಕೆ: ಆಕ್ಟಿವ್‌ನಲ್ಲೂ ಎಎಕ್ಸ್5ನಲ್ಲೂ 20ಡಬ್ಲ್ಯೂ-40 ಕೂಡ ಬರುತ್ತದೆ. ಡಬ್ಬದ ಬಣ್ಣ, ಹೆಸರು ಹತ್ತಿರಹತ್ತಿರ ಒಂದೇ ಥರ ಕಾಣುವುದರಿಂದ ಅಂಗಡಿಯಲ್ಲಿ ಅದಲುಬದಲಾಗುವುದು ಸುಲಭ, ಗ್ರೇಡನ್ನು ಕಣ್ಣಾರೆ ಓದಿಯೇ ಕೊಳ್ಳಬೇಕು. ಇಂಥ ಗಾಡಿಗೆ ಪೂರ್ತಿ ಸಿಂಥೆಟಿಕ್ ಬೇಕೇ ಅಂದರೆ, ಬೇಡ. ಎಂಜಿನ್ ಶಾಖವೂ ಅಷ್ಟಿಲ್ಲ, ವೇಗವೂ ಅಷ್ಟಿಲ್ಲ. ಎರಡು ಪಟ್ಟಿಗೂ ಮೇಲೆ ಕೊಟ್ಟು ಒಂದು ಸಲ ಹಾಕಿಸುವ ದುಡ್ಡಿಗೆ ಒಳ್ಳೆಯ ಮಿನರಲ್ ಆಯಿಲನ್ನು ಎರಡು ಸಲ ಬದಲಿಸುವುದೇ ಲಾಭ.

ಪಲ್ಸರ್ 150, 220ರವರಿಗೆ ಬಜಾಜ್‌ನ 20ಡಬ್ಲ್ಯೂ-50, ಇಲ್ಲವೇ ಅದೇ ಗ್ರೇಡಿನ ಮೋಟುಲ್ 3100 ಗೋಲ್ಡ್. ಈ ಎಂಜಿನ್‌ಗೆ 10ಡಬ್ಲ್ಯೂ-30 ಹಾಕಿದರೆ ಟ್ಯಾಪೆಟ್ ಹತ್ತಿರದ ಕಟಕಟ ಜಾಸ್ತಿಯಾಗುತ್ತದೆ, ಬಿಸಿಲಲ್ಲಿ ಆಯಿಲ್ ಮಟ್ಟವೂ ಬೇಗ ಇಳಿಯುತ್ತದೆ. ಅಪಾಚೆ ಆರ್‌ಟಿಆರ್ 160 ಇದಕ್ಕೆ ತದ್ವಿರುದ್ಧ, ಅದು 10ಡಬ್ಲ್ಯೂ-30ರ ಗಾಡಿ, ಟಿವಿಎಸ್‌ನ ಟ್ರೂ4 ಸಾಕು. ಹುಡುಗರು ಪಲ್ಸರ್ ಗೆಳೆಯನ ಮಾತು ಕೇಳಿ ಅಪಾಚೆಗೆ 20ಡಬ್ಲ್ಯೂ-50 ಹಾಕಿಸಿ, ಆಮೇಲೆ ಪಿಕಪ್ ಹೋಯಿತು ಅಂತ ಕಾರ್ಬುರೇಟರ್ ಬಿಚ್ಚಿಸುತ್ತಾರೆ. ಯಮಹಾ ಎಫ್‌ಜೆಡ್ 10ಡಬ್ಲ್ಯೂ-40 ಕೇಳುತ್ತದೆ, ಯಮಾಲ್ಯೂಬ್ ಅಥವಾ ಶೆಲ್ ಎಎಕ್ಸ್7 ಎರಡೂ ಸರಿ.

ರಾಯಲ್ ಎನ್‌ಫೀಲ್ಡ್‌ನವರು ಸ್ವಲ್ಪ ನಿಧಾನವಾಗಿ ಓದಬೇಕು. 2021ರ ಸೆಪ್ಟೆಂಬರ್‌ಗೆ ಮೊದಲಿನ ಕ್ಲಾಸಿಕ್‌ನಲ್ಲಿರುವುದು ಯುಸಿಇ ಎಂಜಿನ್, ಆಮೇಲಿನದು ಜೆ ಸೀರೀಸ್. ಎರಡಕ್ಕೂ ಗ್ರೇಡ್ 15ಡಬ್ಲ್ಯೂ-50ಯೇ, ಆದರೆ ಅಳತೆ ಬೇರೆ. ಹಳೆಯದು ಎರಡು ಲೀಟರ್ ದಾಟುತ್ತದೆ, ಹೊಸದು ಎರಡು ಲೀಟರಿನೊಳಗೇ ಮುಗಿಯುತ್ತದೆ. ಹಳೆಯ ಲೆಕ್ಕದಲ್ಲೇ ಹೊಸದಕ್ಕೂ ಸುರಿದರೆ ತುಂಬಿತುಳುಕುವುದು ಖಂಡಿತ. ಯುಸಿಇಯಲ್ಲಿ ಟ್ಯಾಪೆಟ್‌ಗಳು ಆಯಿಲ್ ಒತ್ತಡದಿಂದಲೇ ಸಂದು ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಜಾತಿಯವು. ಆಯಿಲ್ ಕಡಿಮೆಯಾದರೆ, ಹಳೆಯದಾದರೆ, ತಪ್ಪು ಗ್ರೇಡಾದರೆ ಮೊದಲು ಕೇಳುವುದು ಅವುಗಳ ಟಿಕ್‌ಟಿಕ್. ಕಂಪನಿಯ ಲಿಕ್ವಿಡ್ ಗನ್ ಸೆಮಿ ಸಿಂಥೆಟಿಕ್ ದಿನದ ಓಡಾಟಕ್ಕೆ ಸಾಕು. ಹಾಕಿದ ಡಬ್ಬಕ್ಕೆ ಬೆಲೆ ತೆತ್ತದ್ದು ಸಾರ್ಥಕ ಅನ್ನಿಸುವುದು ಮೋಟುಲ್ 7100 15ಡಬ್ಲ್ಯೂ-50. ಎಸ್ಟರ್ ಬೆರೆತ ಪೂರ್ತಿ ಸಿಂಥೆಟಿಕ್ ಅದು, ಬಿಸಿಗೆ ತೆಳುವಾಗದೆ ಹೆಚ್ಚು ಹೊತ್ತು ತಾಳುತ್ತದೆ. ಊಟಿ, ಮಡಿಕೇರಿ ಕಡೆ ಲಗೇಜು ಕಟ್ಟಿಕೊಂಡು ಹೋಗುವವರಿಗೆ ಇದನ್ನೇ ಹೇಳುತ್ತೇವೆ. ಕುವೆಂಪುನಗರದಿಂದ ಆಫೀಸಿಗೆ ಆರು ಕಿಲೋಮೀಟರ್ ಹೋಗಿಬರುವವರಿಗೆ ಇದು ದಂಡ. ಕೆಟಿಎಂ ಡ್ಯೂಕ್‌ಗೂ ಗ್ರೇಡ್ 15ಡಬ್ಲ್ಯೂ-50. ಆ ಎಂಜಿನ್ ತಿರುಗುವ ವೇಗಕ್ಕೆ ಪೂರ್ತಿ ಸಿಂಥೆಟಿಕ್ ಬಿಟ್ಟು ಬೇರೆ ಯೋಚನೆ ಬೇಡ.

ಆಕ್ಟಿವಾ ಥರದ ಸ್ಕೂಟರಿನ ಕ್ಲಚ್ ಒಣ ಕ್ಲಚ್, ಆಯಿಲ್‌ಗೂ ಅದಕ್ಕೂ ನಂಟಿಲ್ಲ. ಹಾಗಾಗಿ 10ಡಬ್ಲ್ಯೂ-30 ಎಂಬಿ. ಸ್ಕೂಟರಿಗೆ ಎಂಎ ಹಾಕಿದರೆ ನಷ್ಟವೇನೂ ಆಗದು, ಮೈಲೇಜಲ್ಲಿ ಚೂರು ವ್ಯತ್ಯಾಸ ಬಂದೀತು. ಬೈಕಿಗೆ ಎಂಬಿ ಹಾಕಿದರೆ ಮಾತ್ರ ಕ್ಲಚ್ ಕಥೆ ಮುಗಿಯಿತು. ಸ್ಕೂಟರಿನ ಹಿಂಚಕ್ರದ ಹತ್ತಿರದ ಗೇರ್ ಪೆಟ್ಟಿಗೆಯಲ್ಲೂ ಒಂದಿಷ್ಟು ಆಯಿಲ್ ಇರುತ್ತದೆ ಅನ್ನುವುದು ಎಷ್ಟೋ ಸರ್ವಿಸ್‌ಗಳಲ್ಲಿ ಮರೆತೇ ಹೋಗುತ್ತದೆ. ಹಿಂದಿನಿಂದ ಗುಂಯ್ ಅನ್ನುವ ಸದ್ದು ಬಂದರೆ ಅದನ್ನು ನೆನಪಿಸಿ.

ಮೈಸೂರಿನಲ್ಲಿ ಆಯಿಲ್ ಮಾತು ಬಂದರೆ ಜಾವಾ, ಯೆಜ್ಡಿ ಬಿಟ್ಟು ಮುಂದೆ ಹೋಗುವಂತಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ಅಲ್ಲಿ ತಯಾರಾದ ಗಾಡಿಗಳನ್ನು ಇವತ್ತಿಗೂ ಜತನದಿಂದ ಓಡಿಸುವವರು ಊರ ತುಂಬ ಇದ್ದಾರೆ. ಅವು ಟೂ ಸ್ಟ್ರೋಕ್. ಪೆಟ್ರೋಲಿಗೆ ಬೆರೆಸುವ ಆಯಿಲ್ ಉರಿದೇ ಹೋಗುತ್ತದೆ, ಆದ್ದರಿಂದ ಡಬ್ಬದ ಮೇಲೆ ಫೋರ್ ಸ್ಟ್ರೋಕಿನ 4ಟಿ ಅಲ್ಲ, ಟೂ ಸ್ಟ್ರೋಕಿನ 2ಟಿ ಇರಬೇಕು, ಜಾಸೋ ಗುರುತು ಎಫ್‌ಸಿ ಅಥವಾ ಎಫ್‌ಡಿ ಇರಬೇಕು. ಇವು ಹೊಗೆ ಕಡಿಮೆ ಬಿಡುತ್ತವೆ, ಸೈಲೆನ್ಸರ್ ಒಳಗೆ ಇದ್ದಿಲು ಕಟ್ಟುವುದೂ ಕಡಿಮೆ. 4ಟಿ ಆಯಿಲನ್ನು ಪೆಟ್ರೋಲಿಗೆ ಬೆರೆಸಿದರೆ ಅದರಲ್ಲಿರುವ ಲೋಹದ ಅಂಶ ಬೂದಿಯಾಗಿ ಪ್ಲಗ್‌ಗೆ ಅಂಟುತ್ತದೆ. ಗೇರ್ ಪೆಟ್ಟಿಗೆಯ ಆಯಿಲ್ ಬೇರೆಯೇ. ಅಲ್ಲೂ ಕ್ಲಚ್ ಮುಳುಗಿರುವುದರಿಂದ ಕಾರಿನ ತೆಳು ಆಯಿಲ್ ಕೂಡದು.

ಅಳತೆಯ ವಿಷಯ ಇನ್ನೊಂದಿಷ್ಟು. ಮ್ಯಾನುಯಲ್‌ನಲ್ಲಿ ಎರಡು ಅಂಕಿ ಇರುತ್ತವೆ: ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಹಿಡಿಯುವುದು ಒಂದು, ಹಳೆ ಆಯಿಲ್ ಇಳಿಸಿ ಹಾಕುವಾಗ ಹಿಡಿಯುವುದು ಇನ್ನೊಂದು. ಎರಡನೆಯದು ಯಾವಾಗಲೂ ಕಡಿಮೆ, ಯಾಕೆಂದರೆ ಎಷ್ಟೇ ಇಳಿಸಿದರೂ ಒಳಗಿನ ಮೂಲೆಗಳಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ನಮಗೆ ಬೇಕಾದ್ದು ಆ ಎರಡನೆಯದು. ಸ್ಪ್ಲೆಂಡರ್‌ಗೆ “ಡಬ್ಬ ಒಡೆದಿದೀನಿ, ಪೂರ್ತಿ ಹಾಕ್ಬಿಡ್ತೀನಿ ಸಾರ್” ಅಂತ ಒಂದು ಲೀಟರನ್ನೂ ಸುರಿದರೆ ಮಟ್ಟ ಮೇಲಿನ ಗೆರೆ ದಾಟುತ್ತದೆ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ, ಉಸಿರಾಟದ ಪೈಪಿನ ಮೂಲಕ ಅದು ಏರ್ ಫಿಲ್ಟರ್ ಪೆಟ್ಟಿಗೆಗೆ ಬಂದು ಫಿಲ್ಟರ್ ನೆನೆಯುತ್ತದೆ, ಎಂಜಿನ್ ಭಾರವಾಗುತ್ತದೆ. ಮಿಕ್ಕ 100 ಎಂಎಲ್ ಕೇಳಿ ಮನೆಗೆ ತನ್ನಿ, ಮುಂದೆ ಟಾಪ್ ಅಪ್‌ಗೆ ಬರುತ್ತದೆ.

ಬದಲಿಸುವ ಕೆಲಸ ಮನೆಯಲ್ಲೇ ಅರ್ಧ ಗಂಟೆಯದು. ಗಾಡಿಯನ್ನು ಮೂರು ನಾಲ್ಕು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲಿ. ತಣ್ಣಗಿದ್ದರೆ ಕೊಳೆ ತಳದಲ್ಲೇ ಕೂರುತ್ತದೆ, ಕುದಿಯುವಷ್ಟಿದ್ದರೆ ಕೈ ಸುಡುತ್ತದೆ. ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಮೇಲಿನ ಮುಚ್ಚಳ ಮೊದಲು ಸಡಿಲಿಸಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಹತ್ತು ನಿಮಿಷ ಸೋರಲು ಬಿಡಿ. ಕೊನೆಗೆ ಇಗ್ನಿಷನ್ ಆಫ್ ಇಟ್ಟು ನಾಲ್ಕೈದು ಸಲ ನಿಧಾನವಾಗಿ ಕಿಕ್ ಒತ್ತಿದರೆ ಇನ್ನೊಂದಿಷ್ಟು ಇಳಿಯುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿ, ಕೆಲವೇ ರೂಪಾಯಿಯದು. ಹಳೆಯ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತದೆ, ಅದನ್ನೇ ಹಾಕಿದರೆ ಜಿನುಗುತ್ತದೆ, ಜಿನುಗು ನಿಲ್ಲಿಸಲು ಇನ್ನಷ್ಟು ಬಿಗಿ ಮಾಡುತ್ತಾರೆ, ಆಗ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ. ಹೀರೋ, ಹೋಂಡಾದ ಸಣ್ಣ ಎಂಜಿನ್‌ಗಳ ಬೋಲ್ಟಿಗೆ 24ರಿಂದ 30 ನ್ಯೂಟನ್ ಮೀಟರ್ ಸಾಕು. ಉದ್ದ ಹಿಡಿಯ ಸ್ಪ್ಯಾನರಿಗೆ ಮೈಭಾರ ಬಿಡುವ ಕೆಲಸವಲ್ಲ ಇದು. ಪಲ್ಸರ್, ಬುಲೆಟ್‌ಗಳಲ್ಲಿ ಪೇಪರ್ ಫಿಲ್ಟರ್ ಇದೆ, ಅದನ್ನೂ ಅದರ ಓ-ರಿಂಗನ್ನೂ ಬದಲಿಸಿ. ಸ್ಪ್ಲೆಂಡರ್‌ನಲ್ಲಿ ಪೇಪರ್ ಫಿಲ್ಟರ್ ಇಲ್ಲ, ಜಾಲರಿಯೂ ತಿರುಗುತ್ತ ಕೊಳೆ ಹಿಡಿಯುವ ರೋಟರೂ ಇವೆ. ಅವನ್ನು ಕ್ಲಚ್ ಕವರ್ ತೆಗೆದಾಗ ತೊಳೆಯಬೇಕು. ಸ್ಪ್ಲೆಂಡರ್‌ಗೆ ಫಿಲ್ಟರ್ ಬದಲಿಸಿದ್ದೇವೆ ಅಂತ ಬಿಲ್ಲಿನಲ್ಲಿ ಬರೆದಿದ್ದರೆ ಅದು ಏರ್ ಫಿಲ್ಟರೇ ಅಂತ ಕೇಳಿ ತಿಳಿದುಕೊಳ್ಳಿ.

ಹೊಸ ಆಯಿಲ್ ಹಾಕಿ ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿ, ಇನ್ನೆರಡು ಮೂರು ನಿಮಿಷ ಕಾದು ಮಟ್ಟ ನೋಡಿ. ಹೀರೋ, ಹೋಂಡಾದಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಬಿಟ್ಟು ತೆಗೆಯಬೇಕು. ತಿರುಪಿ ನೋಡಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಲೆಕ್ಕ ಲೆಕ್ಕವೇ ಅಲ್ಲ.

ಎಷ್ಟು ದಿನಕ್ಕೊಮ್ಮೆ? ಮ್ಯಾನುಯಲ್ ಹೇಳುವ ಕಿಲೋಮೀಟರೇ ಗರಿಷ್ಠ ಮಿತಿ. ಅದರೊಳಗೆ ನಮ್ಮ ರಸ್ತೆಗಳ ಲೆಕ್ಕ ಬೇರೆ ಇದೆ. ಮಂಡ್ಯದಿಂದ ಮೈಸೂರಿಗೆ ದಿನಾ ಹೋಗಿಬರುವ ಗಾಡಿ ಒಂದೇ ಸಮ ಬಿಸಿಯಾಗಿ ಓಡುತ್ತದೆ, ಆಯಿಲ್‌ಗೆ ಅದು ಕಷ್ಟವೇ ಅಲ್ಲ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಯಲ್ಲಿ ಬೈಕಿಗೆ ಪ್ರವೇಶ ನಿಂತು ಎಲ್ಲರೂ ಸರ್ವಿಸ್ ರಸ್ತೆಗೆ ಇಳಿದ ಮೇಲೆ ಗೇರು, ಕ್ಲಚ್ಚಿನ ಕೆಲಸ ಹೆಚ್ಚಾಗಿದೆ. ಆದರೂ ಚಿಂತೆಯಿಲ್ಲ. ನಿಜವಾಗಿ ಆಯಿಲ್ ಕೆಡುವುದು ಡೇರಿಗೆ, ಅಂಗಡಿಗೆ, ಗದ್ದೆಗೆ ಅಂತ ದಿನಕ್ಕೆ ಹತ್ತು ಸಲ ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ, ಉರಿಯುವಾಗ ಹುಟ್ಟಿದ ನೀರಿನಾವಿ ಒಳಗೇ ತಣಿದು ಆಯಿಲ್‌ಗೆ ಸೇರುತ್ತದೆ, ಉರಿಯದ ಪೆಟ್ರೋಲೂ ಸೇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ, ಅದಕ್ಕೆ ನೀರನ್ನು ಎಳೆದುಕೊಳ್ಳುವ ಗುಣ. ಮುಚ್ಚಳ ಬಿಚ್ಚಿದಾಗ ಒಳಮೈಗೆ ಹಾಲಿನ ಕೆನೆಯಂಥ ಬಿಳಿ ಪದಾರ್ಥ ಅಂಟಿದ್ದರೆ ಇದೇ ಕಾರಣ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ನೀರು, ಎಥನಾಲ್ ಆವಿಯಾಗಿ ಹೋಗುತ್ತವೆ.

ಕಬ್ಬು ಕಡಿಯುವ ಕಾಲದಲ್ಲಿ ಲೋಡ್ ಹೊತ್ತ ಟ್ರ್ಯಾಕ್ಟರಿನ ಹಿಂದೆ, ವಿ.ಸಿ. ನಾಲೆಯ ಏರಿ ಮೇಲೆ ಓಡುವ ಗಾಡಿಗಳಿಗೆ ದೂಳೇ ಶತ್ರು. ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಮರಳಿನಂಥ ನಯ ದೂಳು ಸಿಲಿಂಡರ್ ಮೂಲಕ ಆಯಿಲ್‌ಗೆ ಇಳಿದು ಉಜ್ಜುಕಾಗದದ ಕೆಲಸ ಮಾಡುತ್ತದೆ. ಎಂಥ ಸಿಂಥೆಟಿಕ್ ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಇಂಥ ಕಡೆ ಮಿನರಲ್ ಆಯಿಲನ್ನು 2,500 ಕಿಲೋಮೀಟರಿಗೆ, ಊರೊಳಗಿನ ಓಡಾಟಕ್ಕೆ 3,000ಕ್ಕೆ, ಸೆಮಿ ಸಿಂಥೆಟಿಕ್ಕನ್ನು 4,000–5,000ಕ್ಕೆ ಬದಲಿಸಿ ಅನ್ನುವುದು ನಮ್ಮ ಅಭಿಪ್ರಾಯ. ಗಾಡಿ ಓಡದಿದ್ದರೂ ವರ್ಷಕ್ಕೊಮ್ಮೆ. ಆಯಿಲ್ ಕಪ್ಪಾಗಿದೆ ಅನ್ನುವುದೊಂದೇ ಕೆಟ್ಟಿದ್ದಕ್ಕೆ ಗುರುತಲ್ಲ. ಒಳಗಿನ ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಂಡ ಆಯಿಲ್ ಕಪ್ಪಾಗಲೇಬೇಕು. ಗೇರ್ ಬೀಳುವಾಗ ಟಕ್ ಅಂತ ಗಡುಸಾಗುವುದು, ನ್ಯೂಟ್ರಲ್ ಸಿಗದೆ ಸತಾಯಿಸುವುದು, ಇವು ಹೆಚ್ಚು ನಂಬಬಹುದಾದ ಲಕ್ಷಣ. ಗೇರಿನ ಹಲ್ಲುಗಳ ನಡುವೆ ಅರೆದು ಅರೆದು ಆಯಿಲ್ ತನ್ನ ದಪ್ಪ ಕಳೆದುಕೊಂಡಿರುತ್ತದೆ.

ಕೊನೆಗೆ ನಕಲಿ. ಸೀಲ್ ಇರುವ ಡಬ್ಬ, ಮುಚ್ಚಳದ ಕೆಳಗಿನ ಫಾಯಿಲ್ ಹಾಳೆ, ಅಳಿಸಲಾಗದಂತೆ ಅಚ್ಚಾದ ಬ್ಯಾಚ್ ನಂಬರು ಮತ್ತು ತಾರೀಖು, ಜಾಸೋ ಚೌಕ, ಇಷ್ಟನ್ನೂ ನೋಡಿ. ಬಿಲ್ ತಗೊಳ್ಳಿ. ಗ್ಯಾರೇಜಿನ ಡ್ರಮ್ಮಿನಿಂದ ಜಗ್ಗಿನಲ್ಲಿ ಬರುವ ಲೂಸ್ ಆಯಿಲ್ ಒಳ್ಳೆಯದೇ ಇದ್ದೀತು, ಆದರೆ ಗ್ರೇಡು, ಗುರುತು ಯಾವುದನ್ನೂ ತಾಳೆ ನೋಡಲು ದಾರಿಯಿಲ್ಲ. ಡಬ್ಬವನ್ನು ಕಣ್ಣೆದುರೇ ಒಡೆಸಿ, ಆಯಿಲ್ ಬಿದ್ದ ಮೇಲೆ ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ಎರಡು ತೂತು ಹೊಡೆಸಿ. ಮತ್ತೆ ತುಂಬಲು ಬಳಸುವುದು ಒಳ್ಳೆಯ ಸ್ಥಿತಿಯ ಖಾಲಿ ಡಬ್ಬವನ್ನೇ. ಇಳಿಸಿದ ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯ, ಚರಂಡಿಗೂ ನಾಲೆಗೂ ಸುರಿಯಬೇಡಿ. ಒಂದು ಕ್ಯಾನಿನಲ್ಲಿ ಹಿಡಿದಿಟ್ಟು, ಹಳೆ ಆಯಿಲ್ ಕೂಡಿಟ್ಟು ಪರವಾನಗಿ ಇರುವವರಿಗೆ ಕೊಡುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ಚೈನಿಗೂ ಅದನ್ನು ಸವರಬೇಡಿ. ಅದರಲ್ಲಿರುವ ಲೋಹದ ಪುಡಿ ಚೈನನ್ನೂ ಸ್ಪ್ರಾಕೆಟ್ಟನ್ನೂ ತಿನ್ನುತ್ತದೆ, ಚೈನಿಗೆ 90 ನಂಬರಿನ ಗೇರ್ ಆಯಿಲ್ ಇದೆ.